ಸ್ಟಿಯರಿಂಗ್ ಕೆಳಗಿನ ಕಿಂಡಿ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಮೊದಲು ಇಲಿ ಬಿದ್ದವು, ಹಿಂದೆಯೇ ಜನ ಬಿದ್ದರು. ಆಗ ಊರಿಗೊಬ್ಬ ಆರೋಗ್ಯಾಧಿಕಾರಿಯನ್ನು ನೇಮಿಸಿ, ಊರನ್ನು ನಾಲ್ಕು ವಾರ್ಡುಗಳಾಗಿ ವಿಂಗಡಿಸಿದರು. ಪ್ಲೇಗು ನಿವಾರಣೆಯ ಕೆಲಸ ಹೊಂದಿಕೊಂಡು ನಡೆಯಲೆಂದು ದೂರವಾಣಿ ತಂತಿ ಎಳೆದರು. ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ರಸ್ತೆಗಳೂ ಮನೆ ಮನೆಗಳ ನಡುವಿನ ಗಾಳಿ ಬೆಳಕೂ ಆ ಪ್ಲೇಗಿನ ಭಯದಿಂದ ನಮಗೆ ಸಿಕ್ಕವು ಎಂಬುದನ್ನು ಶಾಲೆಯಲ್ಲೇ ಓದಿರುತ್ತೇವೆ. ಆ ತಂತಿಯ ಮಾತು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಯಾವ ಬೀದಿಯಲ್ಲಿ ರೋಗವಿದೆ ಎಂಬ ಸುದ್ದಿ ಆ ತಂತಿಯ ಮೇಲೆ ಓಡುತ್ತಿತ್ತು. ಸುದ್ದಿ ತಲುಪುತ್ತಿದ್ದದ್ದು ಅಧಿಕಾರಿಗೆ. ರೋಗಿಯ ಮನೆಯವರ ಕೈಯಲ್ಲಿ ದೂರವಾಣಿ ಇರಲಿಲ್ಲ.

ರೋಗ ಯಾರದು, ರೋಗದ ಸುದ್ದಿ ಯಾರದು ಎಂಬ ಪ್ರಶ್ನೆಯನ್ನು ನಾನು ಇಲ್ಲಿ ಕೇಳಹೊರಟಿರುವುದು ಮನುಷ್ಯರ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಇವತ್ತಿನ ಕಾರಿಗೆ ಏನಾದರೂ ಆದರೆ ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಬೇಕಾದರೆ ಸ್ಟಿಯರಿಂಗ್ ಕೆಳಗಿರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಒಂದು ಅಡಾಪ್ಟರ್ ಚುಚ್ಚಬೇಕು. ಅಡಾಪ್ಟರುಗಳಲ್ಲಿ ಎರಡು ಜಾತಿ. ಒಂದು ವೈರಿನದು, ಲ್ಯಾಪ್‌ಟಾಪಿಗೋ ಕೈಸ್ಕ್ಯಾನರಿಗೋ ಕೇಬಲ್ ಮೂಲಕ ಕೂಡುವಂಥದು. ಇನ್ನೊಂದು ಬ್ಲೂಟೂತ್ ಅಥವಾ ವೈ-ಫೈ ಮೂಲಕ ಫೋನಿನ ಜೊತೆ ಮಾತಾಡುವಂಥದು. ಯಾವುದನ್ನು ಕೊಳ್ಳಬೇಕು? ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಈ ಪ್ರಶ್ನೆಯ ಹಿಂದೆ ಐವತ್ತು ವರ್ಷದ ಇತಿಹಾಸವಿದೆ. ಅದು ತಿಳಿದರೆ ಆಯ್ಕೆ ಸುಲಭ, ಆಯ್ಕೆ ಮಾಡಿದ ಮೇಲೆ ಯಾವುದರ ಮೇಲೆ ಕಣ್ಣಿಡಬೇಕು ಎಂಬುದೂ ಸ್ಪಷ್ಟ.

ತಂತಿ ಮತ್ತು ನಿಸ್ತಂತು ಎರಡೂ ನಮ್ಮ ಊರಿಗೆ ಹೊಸದಲ್ಲ. ಕನ್ನಡದಲ್ಲಿ ಟೆಲಿಗ್ರಾಮಿಗೇ ತಂತಿ ಎಂದು ಹೆಸರು. 'ತಂತಿ ಬಂದಿದೆ' ಎಂದರೆ ಓದುವ ಮೊದಲೇ ಮನೆಯ ಹೆಂಗಸರು ಅಳಲು ಶುರುಮಾಡುತ್ತಿದ್ದ ಕಾಲವೊಂದಿತ್ತು. 2013ರ ಜುಲೈನಲ್ಲಿ ಆ ಸೇವೆ ನಿಂತಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಊರಿನ ಪೂರ್ವಕ್ಕೆ ದೂರವಾಣಿ ಉಪಕರಣ ತಯಾರಿಸುವ ಐಟಿಐ ಹುಟ್ಟಿತು. ಆ ಪ್ರದೇಶಕ್ಕೆ ದೂರವಾಣಿ ನಗರ ಎಂದೇ ಹೆಸರಾಯಿತು. ಆರು ವರ್ಷದ ಮೇಲೆ, 1954ರಲ್ಲಿ, ಜಾಲಹಳ್ಳಿಯಲ್ಲಿ ಸೈನ್ಯಕ್ಕೆ ಸಂಪರ್ಕ ಸಾಧನ ಮಾಡಿಕೊಡುವ ಬಿಇಎಲ್ ಬಂತು. ಒಂದು ದಿಕ್ಕಿನಲ್ಲಿ ತಂತಿಯ ಕಾರ್ಖಾನೆ, ಇನ್ನೊಂದು ದಿಕ್ಕಿನಲ್ಲಿ ನಿಸ್ತಂತುವಿನ ಕಾರ್ಖಾನೆ. ನಡುವೆ ಹಳೇ ಊರು.

ಆ ಹಳೇ ಊರಿನ ಎರಡು ಬೀದಿಗಳು ಈ ಕಥೆಗೆ ಬೇಕು. ನಾನಿರುವುದು ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿಗೆ ಕೂಗಳತೆಯಲ್ಲಿ. ಮಕ್ಕಳ ಕೂಟ, ಸಜ್ಜನ್ ರಾವ್ ಸರ್ಕಲ್ ದಾಟಿ ಮಿನರ್ವ ಸರ್ಕಲ್ಲಿಗೆ ಬಂದರೆ ಅಲ್ಲಿಂದ ಜೆ.ಸಿ. ರಸ್ತೆ. ನಮ್ಮ ಪೇಟೆ 1892ರಲ್ಲಿ ಆದದ್ದು ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ, ಆ ರಸ್ತೆ ಅವರ ಮೊಮ್ಮಗ ಜಯಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಜೆ.ಸಿ. ರಸ್ತೆ ಎಂದರೆ ನಾಟಕದವರಿಗೆ ರವೀಂದ್ರ ಕಲಾಕ್ಷೇತ್ರ, ಕಾರಿನವರಿಗೆ ಬಿಡಿಭಾಗ. ಬ್ರೇಕ್ ಲೈನರಿನಿಂದ ಹಿಡಿದು ಸೀಟ್ ಕವರಿನವರೆಗೆ ಎಲ್ಲವೂ ಅಲ್ಲಿ ಅಥವಾ ಪಕ್ಕದ ಕಲಾಸಿಪಾಳ್ಯದಲ್ಲಿ ಸಿಗುತ್ತದೆ. ಆ ರಸ್ತೆ ಟೌನ್ ಹಾಲ್ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮುಂದೆ ಪೇಟೆಯ ಕಡೆ ಹೊಕ್ಕರೆ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರೋಡು. ಅದು ಎಲೆಕ್ಟ್ರಾನಿಕ್ಸ್ ಬೀದಿ. ರೆಸಿಸ್ಟರು, ಸರ್ಕ್ಯೂಟ್ ಬೋರ್ಡು, ಕಂಪ್ಯೂಟರು, ಕೇಬಲ್ಲು. ಬಹುಕಾಲ ಈ ಎರಡು ಬೀದಿಗಳಿಗೆ ಒಂದಕ್ಕೊಂದು ಹೆಚ್ಚಿನ ಕೆಲಸವಿರಲಿಲ್ಲ. ಕಾರಿನವರಿಗೆ ಎಸ್.ಪಿ. ರೋಡು ಬೇಕಾಗಿದ್ದು ಹೆಚ್ಚೆಂದರೆ ಒಂದು ಸ್ಟೀರಿಯೋ ಹಾಕಿಸುವಾಗ.

ಏಕೆಂದರೆ ಆಗ ಕಾರಿನ ರೋಗವನ್ನು ಕಂಡುಹಿಡಿಯುತ್ತಿದ್ದದ್ದು ಕಿವಿ, ಮೂಗು, ಕಣ್ಣು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವರನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಡಾಕ್ಟರ ಸ್ಟೆತಾಸ್ಕೋಪೂ ಅದೂ ಒಂದೇ. ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದರು. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಬೆಳ್ಳಗೆ ಸುಟ್ಟಿದ್ದರೆ ಗಾಳಿ ಹೆಚ್ಚಾಗುತ್ತಿದೆ, ತಿಳಿಗಂದು ಇದ್ದರೆ ಎಲ್ಲ ಸರಿ. ಆ ಪ್ಲಗ್ಗು ಅನೇಕ ಸಲ ನಮ್ಮ ಊರಿನ ಮೈಕೋ ಕಂಪನಿಯದು. 1951ರಲ್ಲಿ ಜರ್ಮನಿಯ ಬಾಷ್ ಜೊತೆಗೂಡಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. ಕಾರ್ಖಾನೆ ಇದ್ದದ್ದು ಆಡುಗೋಡಿಯಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು, ಮೈಕೋ ಲೇಔಟ್ ಮಾತ್ರ ಹಾಗೇ ಉಳಿಯಿತು.

ಪ್ಲಗ್ಗಿನ ಬಣ್ಣ ನೋಡುವ ವಿದ್ಯೆಗೆ ಒಂದು ಗುಣವಿತ್ತು. ಮೆಕ್ಯಾನಿಕ್ ನೋಡಿದ್ದನ್ನು ಕಾರಿನ ಒಡೆಯನೂ ನೋಡಬಹುದಿತ್ತು. 'ನೋಡಿ ಸಾರ್' ಎಂದು ಕೈಗೆ ಕೊಡುತ್ತಿದ್ದರು. ಅರ್ಥವಾಗಲಿ ಬಿಡಲಿ, ರೋಗದ ಸಾಕ್ಷಿ ಇಬ್ಬರ ನಡುವೆ, ಬೆಳಕಿನಲ್ಲಿ ಇರುತ್ತಿತ್ತು.

ಕಾರಿನೊಳಗೆ ಕಂಪ್ಯೂಟರ್ ಬಂದದ್ದು ಹೊಗೆಯ ಕಾರಣದಿಂದ. ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಯ ಮಂಜಿಗೆ ಕಾರುಗಳ ಹೊಗೆಯೂ ಬಿಸಿಲೂ ಸೇರಿ ಕಾರಣ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ಆರಿ ಹಾಗೆನ್-ಸ್ಮಿತ್ ಎಂಬ ಡಚ್ ಮೂಲದ ರಸಾಯನಶಾಸ್ತ್ರಜ್ಞ. ಅದಕ್ಕೆ ಮೊದಲು ಅವರು ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದರು. 1967ರಲ್ಲಿ ಕ್ಯಾಲಿಫೋರ್ನಿಯದಲ್ಲಿ ವಾಯುಸಂಪನ್ಮೂಲ ಮಂಡಳಿ ಸ್ಥಾಪನೆಯಾದಾಗ ಅವರೇ ಅದರ ಮೊದಲ ಅಧ್ಯಕ್ಷರಾದರು. ಆ ಮಂಡಳಿ ವರ್ಷ ವರ್ಷಕ್ಕೂ ನಿಯಮ ಬಿಗಿ ಮಾಡಿತು. ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಅಷ್ಟು ಸೂಕ್ಷ್ಮವಾಗಿ ಹದ ಮಾಡಲು ಸಾಧ್ಯವಿರಲಿಲ್ಲ. ಹಾಗಾಗಿ ಗಾಳಿ, ಪೆಟ್ರೋಲು, ಕಿಡಿ ಮೂರನ್ನೂ ಕಂಪ್ಯೂಟರಿನ ಕೈಗೆ ಕೊಟ್ಟರು.

ಕಂಪ್ಯೂಟರ್ ಕೈಗೆ ಕೊಟ್ಟ ಮೇಲೆ ಅದಕ್ಕೆ ಏನು ಗೊತ್ತು ಎಂದು ಕೇಳುವ ದಾರಿಯೂ ಬೇಕಲ್ಲ? 1980ರ ದಶಕದ ಮೊದಲಲ್ಲಿ ಜನರಲ್ ಮೋಟಾರ್ಸ್ ಕಂಪನಿ ತನ್ನ ಕಾರುಗಳಲ್ಲಿ ಒಂದು ಸಾಕೆಟ್ ಇಟ್ಟಿತು. ಅದನ್ನು ಇಟ್ಟಿದ್ದು ನನಗೂ ನಿಮಗೂ ಅಲ್ಲ, ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ಪರೀಕ್ಷೆ ಮಾಡುವವರಿಗೆ. ಆದರೆ ಗ್ಯಾರೇಜಿನವರು ಬೇಗ ಒಂದು ಉಪಾಯ ಕಲಿತರು. ಕಾಗದಕ್ಕೆ ಹಾಕುವ ಕ್ಲಿಪ್ಪನ್ನು ಬಿಡಿಸಿ ಆ ಸಾಕೆಟ್ಟಿನ ಎರಡು ಪಿನ್ನುಗಳನ್ನು ಕೂಡಿಸಿದರೆ ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಣುಕಲು ಶುರುಮಾಡುತ್ತಿತ್ತು. ಒಂದು ಮಿಣುಕು, ಬಿಡುವು, ಮತ್ತೆರಡು ಮಿಣುಕು ಎಂದರೆ ಹನ್ನೆರಡು. ಹೀಗೆ ಎಣಿಸಿ, ಪುಸ್ತಕ ನೋಡಿ, ದೋಷ ತಿಳಿದುಕೊಳ್ಳುತ್ತಿದ್ದರು. ಜನರ ಕೈಗೆ ಸಿಕ್ಕ ಮೊದಮೊದಲ ಅಡಾಪ್ಟರುಗಳಲ್ಲಿ ಆ ಎರಡಂಗುಲ ತಂತಿಯೂ ಒಂದು. ಬೆಲೆಯಂತೂ ಇಲ್ಲವೇ ಇಲ್ಲ.

ತೊಂದರೆ ಏನೆಂದರೆ ಒಂದೊಂದು ಕಂಪನಿಗೆ ಒಂದೊಂದು ಸಾಕೆಟ್ಟು, ಒಂದೊಂದು ಭಾಷೆ. ಇದನ್ನು ಬಿಡಿಸಿದ್ದು ಮಾರುಕಟ್ಟೆಯಲ್ಲ, ಕಾನೂನು. 1990ರಲ್ಲಿ ಅಮೆರಿಕದ ಶುದ್ಧ ಗಾಳಿ ಕಾಯಿದೆಗೆ ತಿದ್ದುಪಡಿ ಬಂತು. ಹೊಗೆಗೆ ಸಂಬಂಧಪಟ್ಟ ದೋಷಗಳನ್ನು ಕಾರೇ ಪತ್ತೆ ಮಾಡಬೇಕು, ಅದನ್ನು ಓದುವ ಮಾಹಿತಿಯನ್ನು ಕಂಪನಿಯ ಸ್ವಂತ ಡೀಲರುಗಳಿಗೆ ಮಾತ್ರವಲ್ಲ, ರಿಪೇರಿ ಮಾಡುವ ಯಾರಿಗಾದರೂ ಕೊಡಬೇಕು ಎಂದು ಅದು ಹೇಳಿತು. 1996ರಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು. ಹದಿನಾರು ಪಿನ್ನಿನ ಒಂದೇ ಆಕಾರದ ಸಾಕೆಟ್ಟು, ಸ್ಟಿಯರಿಂಗಿನಿಂದ ಎರಡು ಅಡಿಯ ಒಳಗೆ, ಯಾವ ಉಪಕರಣವೂ ಇಲ್ಲದೆ ಕೈಗೆ ಎಟುಕುವಂತೆ. ದೋಷಗಳಿಗೂ ಒಂದೇ ಲಿಪಿ. ಪಿ0300 ಎಂದರೆ ಡೆಟ್ರಾಯಿಟಿನಲ್ಲೂ ಟೋಕಿಯೋದಲ್ಲೂ ಕಿಡಿ ತಪ್ಪುತ್ತಿದೆ ಎಂದೇ ಅರ್ಥ. ಯುರೋಪು 2001ರಲ್ಲಿ ಪೆಟ್ರೋಲ್ ಕಾರುಗಳಿಗೆ ಇದೇ ದಾರಿ ಹಿಡಿಯಿತು.

ಉಡುಪಿಯ ಕನಕನ ಕಿಂಡಿ ನೆನಪಾಗುತ್ತದೆ. ಒಳಗೆ ಬಿಡದವನಿಗೂ ಗೋಡೆಯಲ್ಲಿ ಒಂದು ಸಂದು. ವ್ಯತ್ಯಾಸವೆಂದರೆ ಅಲ್ಲಿ ಗೋಡೆ ಒಡೆದದ್ದು ಭಕ್ತಿ ಎನ್ನುತ್ತದೆ ಐತಿಹ್ಯ, ಇಲ್ಲಿ ಗೋಡೆ ಕೊರೆದದ್ದು ಕಾನೂನು.

ಇದೇ ಕಾಲದಲ್ಲಿ ಕಾರಿನ ಒಳಗೇ ಇನ್ನೊಂದು ಬದಲಾವಣೆ ನಡೆದಿತ್ತು. ಕಾರಿಗೆ ಒಂದರ ಮೇಲೊಂದು ಕಂಪ್ಯೂಟರ್ ಸೇರಿ, ಅವುಗಳನ್ನು ಕೂಡಿಸುವ ತಂತಿಯ ಕಟ್ಟು ದಪ್ಪವಾಗುತ್ತಾ ಹೋಯಿತು. ಮೈಕೋದ ಮಾತೃಸಂಸ್ಥೆ ಬಾಷ್ 1983ರಲ್ಲಿ ಇದಕ್ಕೊಂದು ಪರಿಹಾರ ಹುಡುಕಲು ತೊಡಗಿ, 1986ರಲ್ಲಿ ಡೆಟ್ರಾಯಿಟಿನಲ್ಲಿ ಅದನ್ನು ಪ್ರಕಟಿಸಿತು. ಅದರ ಹೆಸರು ಕ್ಯಾನ್. ಹೆಣೆದ ಎರಡೇ ತಂತಿ, ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಅಂಟಿಕೊಂಡಿರುತ್ತವೆ. ಒಂದರ ಮಾತು ಎಲ್ಲಕ್ಕೂ ಕೇಳುತ್ತದೆ, ಬೇಕಾದವು ಎತ್ತಿಕೊಳ್ಳುತ್ತವೆ. ಅರಳಿಕಟ್ಟೆಯ ಮಾತಿದ್ದ ಹಾಗೆ. ಹೇಳಿದವರು ಯಾರು ಎಂದು ಆ ತಂತಿ ಕೇಳುವುದಿಲ್ಲ. ಕಾರಿನ ಒಳಗಿನವರೆಲ್ಲ ನಮ್ಮವರೇ ಎಂಬ ನಂಬಿಕೆಯ ಮೇಲೆ ಕಟ್ಟಿದ ವ್ಯವಸ್ಥೆ ಅದು. ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳು ಈ ಎರಡು ತಂತಿಗಳ ತುದಿ. ಈ ನಂಬಿಕೆಯ ವಿಷಯ ಮುಂದೆ ಮತ್ತೆ ಬರುತ್ತದೆ.

ನಮ್ಮ ದೇಶಕ್ಕೆ ಇದೆಲ್ಲ ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ. 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶಕ್ಕೆ ಯೂರೋ ನಿಯಮಗಳನ್ನು ತುರ್ತಾಗಿ ತರಬೇಕೆಂದು ಆದೇಶಿಸಿತು. ಕಾರ್ಬುರೇಟರಿನ ಮಾರುತಿ 800 ಎಂಪಿಎಫ್‌ಐ ಆದದ್ದು ಅದರ ಬೆನ್ನಲ್ಲೇ. ಸ್ಕ್ರೂ ತಿರುಗಿಸಿ ಕಾರು ಸರಿಮಾಡುತ್ತಿದ್ದವರ ಕೈಗೆ ಸ್ಕ್ರೂ ಇಲ್ಲದ ಕಾರು ಬಂತು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಿಗೆ ಭಾರತ್ ಸ್ಟೇಜ್ 4 ಬಂದಾಗ ಓಬಿಡಿಯ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ. 2020ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಭಾರತ್ ಸ್ಟೇಜ್ 6. ಚಾಮರಾಜಪೇಟೆ, ಕಲಾಸಿಪಾಳ್ಯದ ಗ್ಯಾರೇಜುಗಳಲ್ಲಿ ಈ ಹತ್ತಿಪ್ಪತ್ತು ವರ್ಷದಲ್ಲಿ ಕೆಲವು ಬಾಗಿಲು ಮುಚ್ಚಿದವು, ಕೆಲವು ಟಿಂಕರಿಂಗು ಪೇಂಟಿಂಗಿಗೆ ಇಳಿದವು, ಕೆಲವು ಸ್ಕ್ಯಾನರ್ ಕೊಂಡವು.

ಸ್ಕ್ಯಾನರ್ ಕೊಂಡರೆ ಸಾಲದು, ಕಂಪನಿಗಳು ಮಾಹಿತಿ ಬಿಟ್ಟುಕೊಡಬೇಕು. ಅಮೆರಿಕದ ಕಾನೂನಿನಲ್ಲಿದ್ದ ಆ ಮಾತು ಇಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂದದ್ದು 2011ರಲ್ಲಿ, ಗ್ರಾಹಕರೊಬ್ಬರ ದೂರಿನಿಂದ. 2014ರ ಆಗಸ್ಟ್ 25ರಂದು ಆಯೋಗ ತೀರ್ಪು ಕೊಟ್ಟಿತು. ಬಿಡಿಭಾಗಗಳನ್ನೂ ರೋಗಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿ, ಅವುಗಳನ್ನು ಹೊರಗಿನವರಿಗೂ ಒದಗಿಸಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. ಆದರೂ ಜೆ.ಸಿ. ರಸ್ತೆಯ ದೃಷ್ಟಿಯಿಂದ ನೋಡಿದರೆ ಆ ತೀರ್ಪು ಒಂದು ಮೈಲಿಗಲ್ಲು. ಕಾರಿನ ರೋಗದ ಸುದ್ದಿ ಕಂಪನಿಯ ಖಾಸಗಿ ಆಸ್ತಿಯಲ್ಲ ಎಂದು ಅಧಿಕಾರವಿರುವ ಒಂದು ಸಂಸ್ಥೆ ನಮ್ಮ ದೇಶದಲ್ಲಿ ಹೇಳಿತ್ತು.

ಈ ಮಾತು ನನ್ನ ಅನುಭವಕ್ಕೆ ಬಂದದ್ದು ಒಂದು ಹಳದಿ ದೀಪದಿಂದ. ನನ್ನದು 2014ರ ಪೆಟ್ರೋಲ್ ಕಾರು. ಎಂಜಿನ್ ದೀಪ ಹತ್ತಿದಾಗ ಒಂದು ಸರ್ವೀಸ್ ಸೆಂಟರಿಗೆ ಒಯ್ದೆ. ಸ್ಕ್ಯಾನ್ ಮಾಡಿದರು, ಅದಕ್ಕೆ ದುಡ್ಡು ತೆಗೆದುಕೊಂಡರು, ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದು ಅಂದಾಜು ಪಟ್ಟಿ ಕೊಟ್ಟರು. ಯಾವ ಕೋಡ್ ಬಂತು ಎಂದು ಕೇಳಿದೆ. 'ಅದು ಸಿಸ್ಟಮ್‌ನಲ್ಲಿದೆ ಸಾರ್, ನಿಮಗೆ ಕೊಡಕ್ಕಾಗಲ್ಲ' ಎಂದರು. ನಾನು ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆಯ ಫಲಿತಾಂಶ ನನಗೇ ಇಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಚೀಟಿ ತಮ್ಮಲ್ಲೇ ಇಟ್ಟುಕೊಂಡು, ಆಪರೇಷನ್ನಿಗೆ ಮಾತ್ರ ದಿನ ಗೊತ್ತುಮಾಡಿದ ಹಾಗಾಯಿತು. ಅವತ್ತು ಸಂಜೆ ಎಸ್.ಪಿ. ರೋಡಿಗೆ ಹೋದೆ.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ನೀಲಿ ಪ್ಲಾಸ್ಟಿಕ್ಕಿನ ಅಡಾಪ್ಟರುಗಳು ಸಾಲಾಗಿದ್ದವು. ಬ್ಲೂಟೂತ್, ವೈ-ಫೈ, ಯುಎಸ್‌ಬಿ. ಎಲ್ಲದರ ಮೇಲೂ ಈಎಲ್‌ಎಂ327 ಎಂಬ ಹೆಸರು. ಈ ಹೆಸರಿಗೂ ಒಂದು ಕಥೆಯಿದೆ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿ, ಕಾರುಗಳ ಬೇರೆ ಬೇರೆ ಭಾಷೆಗಳನ್ನು ಸರಳ ಅಕ್ಷರಗಳಿಗೆ ಇಳಿಸಿಕೊಡುವ ಒಂದು ಚಿಪ್ ಮಾಡಿತು. ಒಂದು ರೀತಿಯ ದುಭಾಷಿ. ಅದರ ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ. ಅದನ್ನು ಯಾರೋ ಪೂರ್ತಿ ನಕಲು ಮಾಡಿದರು, ಆ ನಕಲಿನ ನಕಲುಗಳು ಜಗತ್ತಿನ ಮೂಲೆಮೂಲೆಗೂ ಹೋದವು. ಮೂಲ ಕಂಪನಿ 2022ರಲ್ಲಿ ಅಂಗಡಿ ಮುಚ್ಚಿತು. ನಕಲು ಇನ್ನೂ ಓಡುತ್ತಿದೆ. ಮಾಡಿದವನಿಗೆ ನಷ್ಟ, ನಿಜ. ಆದರೆ ಕಾನೂನು ತೆರೆದ ಕಿಂಡಿಯ ಮುಂದೆ ಸಾಮಾನ್ಯರನ್ನು ತಂದು ನಿಲ್ಲಿಸಿದ್ದರಲ್ಲಿ ಈ ಅಗ್ಗದ ನಕಲುಗಳ ಪಾಲೂ ದೊಡ್ಡದು.

ನಾನು ಬ್ಲೂಟೂತಿನದನ್ನು ಕೊಂಡೆ. ಮನೆಯ ಮುಂದೆ ಚುಚ್ಚಿ ನೋಡಿದಾಗ ಫೋನಿನಲ್ಲಿ ಬಂದದ್ದು ಪಿ0171. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿಯಾಗಿದೆ ಎಂದು ಅರ್ಥ. ಹಳೇ ಕಾಲದ ಮಾತಿನಲ್ಲಿ ಪ್ಲಗ್ಗು ಬೆಳ್ಳಗಾಗಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಕೋಡು ಲಕ್ಷಣವನ್ನು ಹೇಳುತ್ತದೆ, ರೋಗವನ್ನಲ್ಲ. ಜ್ವರವಿದೆ ಎನ್ನುತ್ತದೆ, ಮಲೇರಿಯವೋ ಶೀತವೋ ಎನ್ನುವುದಿಲ್ಲ. ಅದಕ್ಕೆ ತಿಳಿದವರೇ ಬೇಕು. ನಮ್ಮ ಬೀದಿಯ ಮೆಕ್ಯಾನಿಕ್ ಭಾಯ್ ಹತ್ತಿರ ಹೋದೆ. ಅವರು ಫೋನನ್ನು ಕೈಯಲ್ಲಿ ಹಿಡಿದು, ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಇಂಧನದ ತಿದ್ದುಪಡಿ ತೋರಿಸುವ ಅಂಕಿಯನ್ನು ನೋಡಿದರು. ಐಡಲಿನಲ್ಲಿ ಅಂಕಿ ಏರಿತ್ತು. ರೇಸ್ ಮಾಡಿದಾಗ ಇಳಿಯಿತು. ಅಂದರೆ ಎಲ್ಲೋ ಸಣ್ಣ ಸಂದಿನಿಂದ ಕಳ್ಳಗಾಳಿ ನುಗ್ಗುತ್ತಿದೆ. ಎಂಜಿನ್ ನಿಧಾನವಾಗಿದ್ದಾಗ ಆ ಗಾಳಿಯ ಪಾಲು ದೊಡ್ಡದು, ವೇಗವಾದಾಗ ಲೆಕ್ಕಕ್ಕಿಲ್ಲ. ಒಂದೊಂದೇ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತುತ್ತಾ ಹೋದರು. ಒಂದನ್ನು ಒತ್ತಿದಾಗ ಫೋನಿನಲ್ಲಿ ಅಂಕಿ ಇಳಿಯತೊಡಗಿತು. ಸೀಳಿದ ಪೈಪು. ಹೊಸದು ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು, ಸೆನ್ಸರಿನ ಮಾತೇ ಬರಲಿಲ್ಲ.

ನಿಸ್ತಂತುವಿನ ನಿಜವಾದ ಉಪಯೋಗ ನನಗೆ ಕಂಡದ್ದು ಅಲ್ಲಿ. ಕೇಬಲ್ ಇದ್ದಿದ್ದರೆ ಒಬ್ಬರು ಒಳಗೆ ಕೂತು ಅಂಕಿ ಓದಿ ಹೇಳಬೇಕಿತ್ತು, ಇನ್ನೊಬ್ಬರು ಹೊರಗೆ ಪೈಪು ಒತ್ತಬೇಕಿತ್ತು. ಒಬ್ಬನೇ ಕೆಲಸ ಮಾಡುವ ಸಣ್ಣ ಗ್ಯಾರೇಜಿಗೆ ಇದು ದೊಡ್ಡ ಅನುಕೂಲ. ಆದರೆ ಅದೇ ಭಾಯ್ ಸ್ವಂತ ಕೆಲಸಕ್ಕೆ ಇಟ್ಟುಕೊಂಡಿದ್ದದ್ದು ದಪ್ಪ ಕೇಬಲ್ಲಿನ ಸ್ಕ್ಯಾನರು. ಯಾಕೆಂದು ಕೇಳಿದೆ.

'ಓದಕ್ಕೆ ಬ್ಲೂಟೂತ್ ಚೆನ್ನಾಗಿದೆ ಸಾರ್. ಬರೆಯೋವಾಗ ಮಾತ್ರ ವೈರೇ ಬೇಕು. ಅರ್ಧದಲ್ಲಿ ಕಟ್ ಆದ್ರೆ ಗಾಡಿ ಇಲ್ಲೇ ಕೂತ್ಕೊಳ್ಳತ್ತೆ.'

ಈ ಒಂದು ಮಾತಿನಲ್ಲಿ ಇಡೀ ಆಯ್ಕೆಯ ಸಾರವಿದೆ ಎಂದು ನನಗೆ ಅನ್ನಿಸುತ್ತದೆ. ಕೋಡು ನೋಡುವುದು, ಉಷ್ಣತೆ, ವೇಗ, ಇಂಧನದ ಅಂಕಿ ನೋಡುವುದು, ಇವೆಲ್ಲ ಓದು. ನಡುವೆ ಸಂಪರ್ಕ ಕಡಿದರೆ ಮತ್ತೆ ಓದಿದರಾಯಿತು. ಡೀಸೆಲ್ ಕಾರಿಗೆ ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೈಮೇಲಿನ ಸಂಕೇತವನ್ನು ಕಂಪ್ಯೂಟರಿಗೆ ತಿಳಿಸುವುದು, ಹೊಸ ಬೀಗದ ಕೈ ಪರಿಚಯಿಸುವುದು, ಕಂಪ್ಯೂಟರಿನ ತಂತ್ರಾಂಶವನ್ನೇ ಬದಲಿಸುವುದು, ಇವೆಲ್ಲ ಬರಹ. ತಂತ್ರಾಂಶ ಅರ್ಧ ಬರೆದು ನಿಂತರೆ ಕಾರು ಹಳೆಯದೂ ಅಲ್ಲ ಹೊಸದೂ ಅಲ್ಲ, ಸ್ಟಾರ್ಟೇ ಆಗುವುದಿಲ್ಲ. ಅದಕ್ಕೇ ಆ ಕೆಲಸಕ್ಕೆ ಕೂತವರು ಕೇಬಲ್ ಹಾಕುವುದಷ್ಟೇ ಅಲ್ಲ, ಬ್ಯಾಟರಿಗೆ ಚಾರ್ಜರನ್ನೂ ಕೊಟ್ಟಿರುತ್ತಾರೆ.

ಉಳಿದವು ಸಣ್ಣ ಲೆಕ್ಕಗಳು. ಐಫೋನ್ ಇರುವವರಿಗೆ ಹಳೇ ಬಗೆಯ ಅಗ್ಗದ ಬ್ಲೂಟೂತ್ ಅಡಾಪ್ಟರು ಆಗಿಬರುವುದಿಲ್ಲ, ವೈ-ಫೈ ಇರುವುದೋ ಹೊಸ ಬಗೆಯ ಬ್ಲೂಟೂತ್ ಇರುವುದೋ ಬೇಕು. ವೈ-ಫೈ ಅಡಾಪ್ಟರಿಗೆ ಕೂಡಿಕೊಂಡಾಗ ಫೋನಿನ ಇಂಟರ್ನೆಟ್ ತಪ್ಪುವುದುಂಟು. ಯುಎಸ್‌ಬಿಯದಕ್ಕೆ ಲ್ಯಾಪ್‌ಟಾಪು ಬೇಕು, ಅದಕ್ಕೆ ತಕ್ಕ ಡ್ರೈವರ್ ಹಾಕುವ ತಾಳ್ಮೆ ಬೇಕು. ವೇಗದಲ್ಲಿ ಕೇಬಲ್ಲೇ ಮೇಲು ಎನ್ನುತ್ತಾರೆ. ಹತ್ತಾರು ಅಂಕಿಗಳನ್ನು ಒಟ್ಟಿಗೆ ದಾಖಲಿಸುವವರಿಗೆ ಅದು ಮುಖ್ಯ, ಕೋಡು ಓದುವವರಿಗಲ್ಲ. ಇನ್ನೊಂದು, ಸಾಕೆಟ್ಟಿನ 16ನೇ ಪಿನ್ನಿನಲ್ಲಿ ಬ್ಯಾಟರಿಯ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ, ಕಾರು ಆರಿಸಿದರೂ. ಅಡಾಪ್ಟರನ್ನು ಅಲ್ಲೇ ಬಿಟ್ಟು ಊರಿಗೆ ಹೋಗಿ ಹದಿನೈದು ದಿನದ ಮೇಲೆ ಬಂದರೆ ಬ್ಯಾಟರಿ ಇಳಿದಿರಬಹುದು.

ಅಲ್ಲೇ ಬಿಡಬಾರದು ಎನ್ನುವುದಕ್ಕೆ ಬ್ಯಾಟರಿಗಿಂತ ದೊಡ್ಡ ಕಾರಣವಿದೆ. ಕ್ಯಾನ್ ತಂತಿ ಯಾರ ಗುರುತನ್ನೂ ಕೇಳುವುದಿಲ್ಲ ಎಂದೆನಲ್ಲ? ತಂತಿಯ ಅಡಾಪ್ಟರಿನ ಇನ್ನೊಂದು ತುದಿ ನಿಮ್ಮ ಕಣ್ಣೆದುರಿಗೇ ಇರುತ್ತದೆ. ನಿಸ್ತಂತುವಿನ ಇನ್ನೊಂದು ತುದಿ ಎಲ್ಲಿದೆ ಎಂದು ಹೇಳಲಾಗದು. ಅಗ್ಗದ ಬ್ಲೂಟೂತ್ ಅಡಾಪ್ಟರುಗಳ ಗುಪ್ತಸಂಖ್ಯೆ ಸಾಮಾನ್ಯವಾಗಿ 1234 ಅಥವಾ 0000. 2015ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು, ವಿಮೆ ಕಂಪನಿಗಳ ಲೆಕ್ಕಕ್ಕೆಂದು ಓಬಿಡಿ ಸಾಕೆಟ್ಟಿಗೆ ಚುಚ್ಚಿಡುವ ಒಂದು ನಿಸ್ತಂತು ಸಾಧನಕ್ಕೆ ಎಸ್‌ಎಂಎಸ್ ಕಳಿಸಿ, ಕಾರ್ವೆಟ್ ಕಾರಿನ ವೈಪರನ್ನು ಓಡಿಸಿ ತೋರಿಸಿದರು. ನಿಧಾನವಾಗಿ ಚಲಿಸುತ್ತಿದ್ದಾಗ ಬ್ರೇಕೂ ಅವರ ಮಾತು ಕೇಳಿತು. ಓದಲೆಂದು ಬಂದ ಅತಿಥಿಗೆ ಬರೆಯುವ ಅಧಿಕಾರವೂ ಸಿಕ್ಕಿಬಿಟ್ಟಿತ್ತು. ಹಾಗಾಗಿ ಚುಚ್ಚಿ, ಓದಿ, ತೆಗೆದುಬಿಡಿ.

ಇಷ್ಟೇ ಆಗಿದ್ದರೆ ಇದು ಒಂದು ಸಾಮಾನಿನ ಮಾತಾಗಿ ಮುಗಿಯುತ್ತಿತ್ತು. ಆದರೆ ತಂತಿ ಮತ್ತು ನಿಸ್ತಂತುವಿನ ಜಗಳ ಅಂಗೈಯಷ್ಟಗಲದ ಅಡಾಪ್ಟರನ್ನು ದಾಟಿ ಮುಂದೆ ಹೋಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ರಿಪೇರಿಯ ಹಕ್ಕಿನ ಕಾನೂನಿಗೆ ಭಾರಿ ಬಹುಮತ ಕೊಟ್ಟರು. ಡೀಲರಿಗೆ ಸಿಗುವ ಮಾಹಿತಿ ಬೀದಿಯ ಗ್ಯಾರೇಜಿಗೂ ಸಿಗಬೇಕು ಎಂದು ಅದರ ಅರ್ಥ. ಆದರೆ ಅಷ್ಟರಲ್ಲಿ ಕಾರುಗಳು ಸಾಕೆಟ್ಟನ್ನು ಬಳಸದೆ, ತಮ್ಮೊಳಗಿನ ಸಿಮ್ ಮೂಲಕ ನೇರ ಕಂಪನಿಯ ಸರ್ವರಿಗೇ ಮಾತಾಡತೊಡಗಿದ್ದವು. ಆ ಮಾಹಿತಿ ಕಾನೂನಿನ ಹೊರಗೆ ಉಳಿದಿತ್ತು. 2020ರ ನವೆಂಬರ್‌ನಲ್ಲಿ ಅದೇ ಮತದಾರರು ಮತ್ತೆ ಮತ ಹಾಕಿ, ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ, ನಿಸ್ತಂತುವಿನ ಮಾಹಿತಿಯೂ ಒಡೆಯನಿಗೆ ಸಿಗಬೇಕು ಎಂದರು. ಕಂಪನಿಗಳು ಅದರ ವಿರುದ್ಧ ಕೋರ್ಟಿಗೆ ಹೋದವು.

ನಮ್ಮಲ್ಲಿ ಅಂಥ ಕಾರುಗಳ ಜಾಹೀರಾತು ಜೋರಾದದ್ದು 2019ರಲ್ಲಿ, ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್ ಬಂದಾಗ. ಇಂಟರ್ನೆಟ್ ಕಾರು ಎಂಬ ಮಾತು ಆಗ ಮನೆಮಾತಾಯಿತು. ಫೋನಿನಿಂದ ಎಸಿ ಹಾಕಬಹುದು, ಕಾರು ಎಲ್ಲಿದೆ ಎಂದು ನೋಡಬಹುದು, ಏನಾದರೂ ಕೆಟ್ಟರೆ ಕಂಪನಿಯೇ ಕರೆ ಮಾಡುತ್ತದೆ. ಅನುಕೂಲ ಇಲ್ಲವೆನ್ನಲಾರೆ. ಆದರೆ ಆ ಕರೆ ಬರುವ ದಿಕ್ಕನ್ನು ಗಮನಿಸಬೇಕು. ನನ್ನ ಕಾರಿನ ರೋಗ ನನಗಿಂತ ಮೊದಲು ಅವರಿಗೆ ಗೊತ್ತು. 2022ರಲ್ಲಿ ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ. ಹದಿನಾರು ಪಿನ್ನಿನ ಸಾಕೆಟ್ಟಿಗೆ ಇರುವಂಥ ಸ್ಪಷ್ಟವಾದ ನಿಯಮ ಗಾಳಿಯಲ್ಲಿ ಹೋಗುವ ಮಾಹಿತಿಗೂ ಬರಬೇಕು.

ತಂತಿ ಹಳತು, ನಿಸ್ತಂತು ಹೊಸತು, ಹೊಸತು ಒಳ್ಳೆಯದು ಎಂಬ ಸರಳ ಕಥೆ ಇಲ್ಲಿ ನಿಲ್ಲುವುದಿಲ್ಲ. ತಂತಿಗೆ ಎರಡು ತುದಿ ಇರುತ್ತವೆ, ಎರಡನ್ನೂ ಕಣ್ಣಾರೆ ನೋಡಬಹುದು ಎಂಬುದು ಅದರ ದೊಡ್ಡ ಗುಣ. ಕಾನೂನು ಮಾಡುವವರಿಗೂ ಅದೇ ಅನುಕೂಲವಾಯಿತು. ಇಲ್ಲಿ ಒಂದು ಸಾಕೆಟ್ ಇಡಿ, ಇಷ್ಟು ಪಿನ್ ಇರಲಿ, ಎರಡು ಅಡಿಯೊಳಗಿರಲಿ ಎಂದು ಹೇಳಲು ಸಾಧ್ಯವಾದದ್ದು ಅದು ಕಾಣುವ ವಸ್ತುವಾದದ್ದರಿಂದ. ಕಾಣದ ದಾರಿಯ ಮೇಲೆ ನಿಯಮ ಬರೆಯುವುದು ಕಷ್ಟ, ಬರೆದರೂ ಪಾಲಿಸಿದರೋ ಇಲ್ಲವೋ ಎಂದು ಬೀದಿಯ ಮೆಕ್ಯಾನಿಕ್ ಪರೀಕ್ಷಿಸಲಾರ.

ಹಾಗಾದರೆ ಕೊಳ್ಳುವುದು ಯಾವುದನ್ನು? ಮನೆಯಲ್ಲಿ ಕಾರಿಟ್ಟುಕೊಂಡು ದೀಪ ಹತ್ತಿದಾಗ ಏನೆಂದು ತಿಳಿಯಬೇಕು ಎನ್ನುವವರಿಗೆ ಬ್ಲೂಟೂತ್ ಸಾಕು, ಓದಿದ ಮೇಲೆ ತೆಗೆದಿಡುವ ಅಭ್ಯಾಸವಿದ್ದರೆ. ಗ್ಯಾರೇಜು ನಡೆಸುವವರಿಗೂ ಕಂಪ್ಯೂಟರಿಗೆ ಬರೆಯುವವರಿಗೂ ಕೇಬಲ್ಲೇ ಬೇಕು. ಕಾಲೇಜಿನ ಹುಡುಗ ಹುಡುಗಿಯರು ಕಲಿಯಲೆಂದು ಕೊಳ್ಳುವುದಾದರೆ ನಾನು ಯುಎಸ್‌ಬಿಯದನ್ನೇ ಹೇಳುತ್ತೇನೆ, ತಂತಿಯ ಮೇಲೆ ಹರಿಯುವ ಅಕ್ಷರಗಳನ್ನು ಒಂದೊಂದಾಗಿ ಪರದೆಯ ಮೇಲೆ ನೋಡಬಹುದು. ಯಾವುದನ್ನೇ ಕೊಂಡರೂ, ಮುಂದಿನ ಕಾರು ಕೊಳ್ಳುವಾಗ ಬಾಗಿಲು ತೆರೆದು ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿ. ಆ ಕಿಂಡಿ ಇದೆಯೇ, ಅದರಲ್ಲಿ ಎಷ್ಟು ಕಾಣುತ್ತದೆ, ಉಳಿದದ್ದು ಯಾರಿಗೆ ಹೋಗುತ್ತದೆ ಎಂದು ಮಾರುವವರನ್ನು ಕೇಳಿ. ಮೈಲೇಜ್ ಎಷ್ಟು ಎಂದು ಕೇಳುವಷ್ಟೇ ಸಹಜವಾಗಿ ಕೇಳಿ. ಕೇಳುವವರು ಹೆಚ್ಚಾದಷ್ಟೂ ಆ ಕಿಂಡಿ ಮುಚ್ಚುವುದು ಕಷ್ಟವಾಗುತ್ತದೆ.